ಗಂಡನ್ನ ಓದಿಸಿದವಳಿಗೂ ಒಂದು ಡಿಗ್ರಿ: ‘ಡೇಮ್ಸ್ ಕ್ಲಬ್’ ಕಥೆ

(ಪಾಡ್‌ಕಾಸ್ಟ್‌ನ ಬರಹ ರೂಪ)



ಇವತ್ತಿನ ಮಾತು ಒಂದು ಸರ್ಟಿಫಿಕೇಟಿನಿಂದ ಶುರು. ಪಿಎಚ್‌ಡಿ ಗೊತ್ತಲ್ಲ? ಇದು ಪಿಎಚ್‌ಡಿ ಅಲ್ಲ, ಪಿಎಚ್‌ಟಿ. ಅಮೆರಿಕದ ಯೂನಿವರ್ಸಿಟಿಗಳಲ್ಲಿ ಒಂದು ಕಾಲಕ್ಕೆ ಇದನ್ನ ನಿಜವಾಗಲೂ ಕೊಡ್ತಿದ್ರು. ದಪ್ಪ ಕಾಗದ, ಚೆಂದದ ಅಕ್ಷರ, ಕೆಲವು ಕಡೆ ಯೂನಿವರ್ಸಿಟಿಯ ಮುಖ್ಯಸ್ಥರದೇ ಸಹಿ. ಕೊಡ್ತಿದ್ದದ್ದು ಯಾರಿಗೆ? ಓದಿದವರಿಗಲ್ಲ, ಓದಿದವರ ಹೆಂಡತಿಯರಿಗೆ. ಪಿಎಚ್‌ಟಿ ಅಂದ್ರೆ ‘ಪುಟ್ಟಿಂಗ್ ಹಬ್ಬಿ ಥ್ರೂ’. ನಮ್ಮ ಮಾತಿನಲ್ಲಿ ಹೇಳೋದಾದ್ರೆ, ‘ಗಂಡನ್ನ ಪಾಸ್ ಮಾಡಿಸಿದಾಕಿ’.

ಕೇಳಿದ ಕೂಡಲೇ ನಗು ಬರುತ್ತೆ. ನನಗೂ ಬಂತು. ನನಗೆ ಇದನ್ನ ಹೇಳಿದ ನಮ್ಮ ಅಕ್ಕ ಮಾತ್ರ ನಗಲಿಲ್ಲ.

ಅಕ್ಕ ಅಂದ್ರೆ ನಮ್ಮ ಮೌಶಿಯ ಮಗಳು. ಔರಾದ್ ತಾಲೂಕಿನ ಒಂದು ಹಳ್ಳಿ. ಬೀದರಿನಲ್ಲಿ ಬಿಎಸ್ಸಿ ಮುಗಿಸಿ ಬಿಎಡ್ ಸೇರಿದ್ದಳು. ಮೊದಲ ವರ್ಷ ಮುಗಿಯೋ ಮೊದಲೇ ಸಂಬಂಧ ಬಂತು. ಹುಡುಗ ಇಂಜಿನಿಯರ್, ಎಂಎಸ್ ಮಾಡಲಿಕ್ಕೆ ಅಮೆರಿಕಕ್ಕೆ ಸೀಟು ಸಿಕ್ಕಿದೆ. ಮನೆಯಲ್ಲಿ ಎಲ್ಲರೂ ಅಂದದ್ದು ಒಂದೇ ಮಾತು: “ಎರಡೇ ವರ್ಷ ಅವ್ವಾ, ಆಮ್ಯಾಲ ನೀನೂ ಅಲ್ಲೇ ಓದಿಕೊಳ್ಳು.” ಬಿಎಡ್ ಅಲ್ಲಿಗೇ ನಿಂತಿತು.

ಅಲ್ಲಿ ಹೋದ ಮೇಲೆ ಗೊತ್ತಾಯ್ತು. ಓದಲಿಕ್ಕೆ ಹೋದವರದು ಎಫ್-1 ವೀಸಾ, ಅವರ ಜೊತೆ ಹೋದವರದು ಎಫ್-2. ಎಫ್-2 ಇದ್ದವರು ಒಂದು ಡಾಲರ್ ಸಂಬಳಕ್ಕೂ ಕೆಲಸ ಮಾಡೋ ಹಾಗಿಲ್ಲ. ಓದಬೇಕು ಅಂದ್ರೂ ಮೊದಲು ಹವ್ಯಾಸದ ಕ್ಲಾಸುಗಳಿಗಷ್ಟೇ ಅವಕಾಶ ಇತ್ತು. 2015ರಲ್ಲಿ ನಿಯಮ ಬದಲಾಗಿ, ಡಿಗ್ರಿ ಕೋರ್ಸನ್ನೂ ಪಾರ್ಟ್ ಟೈಮ್ ಓದಬಹುದು ಅಂತಾಯ್ತು. ಫುಲ್ ಟೈಮ್ ಓದಬೇಕಂದ್ರೆ ತನ್ನದೇ ಎಫ್-1 ವೀಸಾ ಪಡೀಬೇಕು, ಪೂರ್ತಿ ಫೀಸು ಕಟ್ಟಬೇಕು. ಒಬ್ಬರ ಫೀಸಿಗೇ ಹೊಲದ ಮೇಲೆ ಸಾಲ ಮಾಡಿದ ಮನೆ. ಇನ್ನೊಬ್ಬರದು ಎಲ್ಲಿಂದ ತರೋದು?

“ತಂಗಿ, ಇಲ್ಲಿ ಎಲ್ಲಾ ಕಾಗದದಾಗೂ ನನ್ನ ಹೆಸರಿನ ಮುಂದ ಒಂದೇ ಶಬ್ದ ಅದ, ಡಿಪೆಂಡೆಂಟ್,” ಅಂತ ಒಮ್ಮೆ ಫೋನಿನಲ್ಲಿ ಅಂದಳು. ನಮಗೆ ಬೆಳಗ್ಗೆ, ಅವಳಿಗೆ ರಾತ್ರಿ. ಭಾವ ಲ್ಯಾಬಿನಲ್ಲಿ. ಹೊರಗೆ ಮಂಚು. ಸುತ್ತ ಮಾತಾಡಲಿಕ್ಕೆ ಒಂದು ಜೀವ ಇಲ್ಲ.

ಆಮೇಲೆ ಒಂದು ದಿನ ಅವಳ ದನಿಯೇ ಬೇರೆ ಇತ್ತು. ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳ ಗಂಡ, ಹೆಂಡತಿಯರಿಗಾಗಿ ಒಂದು ಗುಂಪು ಇದೆ, ಪ್ರತಿ ಬುಧವಾರ ಬೆಳಗ್ಗೆ ಸೇರುತ್ತೆ, ನಾನು ಶೇಂಗಾ ಹೋಳಿಗೆ ಮಾಡ್ಕೊಂಡು ಹೋಗಿದ್ದೆ ಅಂದಳು. ಕೊರಿಯಾದವಳೊಬ್ಬಳು ಎರಡು ತಿಂದಳಂತೆ, ಬ್ರೆಜಿಲ್‌ನಿಂದ ಬಂದ ಒಬ್ಬ ಗಂಡಸು ಹೇಗೆ ಮಾಡೋದು ಅಂತ ಬರ್ಕೊಂಡನಂತೆ. ಅಲ್ಲಿಯ ಒಬ್ಬ ವಯಸ್ಸಾದ ಅಮ್ಮ ಹೇಳಿದರಂತೆ: “ಈ ಗುಂಪು ಬಹಳ ಹಳೇದು. ನಮ್ಮ ಕಾಲಕ್ಕೆ ಇದಕ್ಕೆ ಡೇಮ್ಸ್ ಕ್ಲಬ್ ಅಂತಿದ್ರು.”

ಅಲ್ಲಿಂದ ನನಗೂ ಇದರ ಹುಚ್ಚು ಹತ್ತಿತು. ಬನ್ನಿ, ಆ ಕಥೆ ಕೇಳೋಣ.

‘ಡೇಮ್’ ಅನ್ನೋದು ಇಂಗ್ಲಿಷಿನ ಹಳೆಯ ಶಬ್ದ. ಮನೆಯ ಯಜಮಾನತಿ, ದೊಡ್ಡ ಮನೆಯ ಹೆಣ್ಣುಮಗಳು ಅಂತ ಅರ್ಥ. ನಮ್ಮ ಕಡೆ ಗೌಡ್ತಿ, ಸಾವ್ಕಾರ್ತಿ ಅಂತೀವಲ್ಲ, ಹಾಗೆ. ಹಾರ್ವರ್ಡ್ ಯೂನಿವರ್ಸಿಟಿಯಲ್ಲಿ 1890ರ ದಶಕದಲ್ಲೇ ‘ಹಾರ್ವರ್ಡ್ ಡೇಮ್ಸ್’ ಅಂತ ಒಂದು ಸಂಘ ಹುಟ್ಟಿತ್ತು. ಓದಲಿಕ್ಕೆ ಬಂದ ಗಂಡಸರ ಹೆಂಡತಿಯರು ಒಂದು ಕಡೆ ಸೇರೋ ಜಾಗ ಅದು. ಗಮನಿಸಿ, ಆ ಕಾಲಕ್ಕೆ ಹಾರ್ವರ್ಡ್ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಕಾಲೇಜಿನ ಕಾಂಪೌಂಡಿನ ಪಕ್ಕದಲ್ಲೇ ಮನೆ ಮಾಡಬಹುದು, ಗಂಡನ ಪುಸ್ತಕದ ಧೂಳು ಒರೆಸಬಹುದು, ಕ್ಲಾಸಿನೊಳಗೆ ಹೋಗೋ ಹಾಗಿಲ್ಲ.

ಆಮೇಲೆ ಬೇರೆ ಯೂನಿವರ್ಸಿಟಿಗಳಲ್ಲೂ ಇಂಥ ಕ್ಲಬ್‌ಗಳು ಬಂದವು. ಇವನ್ನೆಲ್ಲ ಜೋಡಿಸೋ ಒಂದು ರಾಷ್ಟ್ರೀಯ ಸಂಘವೂ 1920ರ ದಶಕದಲ್ಲಿ ಆಯ್ತು. ಆದರೂ ಆವಾಗ ಇವು ಚಿಕ್ಕ ಕ್ಲಬ್‌ಗಳು. ಯಾಕಂದ್ರೆ ಮದುವೆಯಾದ ವಿದ್ಯಾರ್ಥಿಗಳೇ ಕಮ್ಮಿ. ಎಷ್ಟೋ ಕಾಲೇಜುಗಳಲ್ಲಿ ಓದೋವಾಗ ಮದುವೆ ಆದ್ರೆ ಹೊರಗೆ ಹಾಕೋ ನಿಯಮವೇ ಇತ್ತು.

ಅದನ್ನ ಬದಲಾಯಿಸಿದ್ದು ಎರಡನೇ ಮಹಾಯುದ್ಧ.

ಯುದ್ಧ ಮುಗಿದ ಮೇಲೆ ಲಕ್ಷಗಟ್ಟಲೆ ಸೈನಿಕರು ವಾಪಸ್ ಬರ್ತಾರೆ, ಅವರಿಗೆ ಏನು ಮಾಡೋದು ಅನ್ನೋ ಚಿಂತೆ ಅಮೆರಿಕ ಸರ್ಕಾರಕ್ಕೆ. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಕಾನೂನಿಗೆ ಸಹಿ ಹಾಕಿದರು. ಜನ ಅದನ್ನ ಕರೆದದ್ದು ‘ಜಿಐ ಬಿಲ್’ ಅಂತ. ಸೈನಿಕ ಕಾಲೇಜಿಗೆ ಹೋದ್ರೆ ವರ್ಷಕ್ಕೆ 500 ಡಾಲರ್‌ವರೆಗೆ ಫೀಸು ಸರ್ಕಾರದ್ದು. ಜೊತೆಗೆ ಊಟ, ಬಾಡಿಗೆಗೆ ತಿಂಗಳಿಗೆ 50 ಡಾಲರ್, ಮನೆಯಲ್ಲಿ ಅವಲಂಬಿತರಿದ್ದರೆ 75 ಡಾಲರ್. 1946ರ ಹೊತ್ತಿಗೆ ಅದು 65 ಮತ್ತು 90 ಆಯ್ತು. ಒಟ್ಟು ಸುಮಾರು 22 ಲಕ್ಷ ಮಂದಿ ಈ ಕಾನೂನಿನಿಂದ ಕಾಲೇಜು ಮೆಟ್ಟಿಲು ಹತ್ತಿದರು. 1947ರಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಸುಮಾರು ಅರ್ಧದಷ್ಟು ಜನ ಮಾಜಿ ಸೈನಿಕರೇ.

ಇವರು 18ರ ಹುಡುಗರಲ್ಲ. 25, 28 ವಯಸ್ಸಿನವರು. ಅನೇಕರಿಗೆ ಹೆಂಡತಿ, ಕೆಲವರಿಗೆ ಕಂಕುಳಲ್ಲಿ ಕೂಸು. ಹಾಸ್ಟೆಲ್‌ನಲ್ಲಿ ಕೂಸಿನ ತೊಟ್ಟಿಲು ಕಟ್ಟೋದೆಲ್ಲಿ? ಯೂನಿವರ್ಸಿಟಿಗಳು ಸಿಕ್ಕಿದ್ದನ್ನ ಮನೆ ಮಾಡಿದವು. ಸೇನೆಯವರು ಬಿಟ್ಟ ಬ್ಯಾರಕ್, ಟ್ರೇಲರ್ ಗಾಡಿ, ಡ್ರಮ್ಮನ್ನ ಉದ್ದಕ್ಕೆ ಸೀಳಿ ಬೋರಲು ಹಾಕಿದ ಹಾಗೆ ಕಾಣೋ ತಗಡಿನ ಮನೆಗಳು. ಅಯೋವಾ ಸ್ಟೇಟ್‌ನಲ್ಲಿ ‘ಪ್ಯಾಮಲ್ ಕೋರ್ಟ್’ ಅಂತ ಇಂಥದೊಂದು ಊರೇ ಎದ್ದಿತು. ವಿಸ್ಕಾನ್ಸಿನ್‌ನಲ್ಲಿ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರಿಗೆ ಕಟ್ಟಿದ ಮನೆಗಳನ್ನ ವಿದ್ಯಾರ್ಥಿ ಸಂಸಾರಗಳಿಗೆ ಕೊಟ್ಟರು. ಅದರ ಹೆಸರು ‘ಬ್ಯಾಡ್ಜರ್ ವಿಲೇಜ್’. ಅಲ್ಲಿಂದ ಕ್ಯಾಂಪಸ್ಸಿಗೆ 55 ಕಿಲೋಮೀಟರಿನಷ್ಟು ದೂರ. ಬೀದರಿನಿಂದ ಭಾಲ್ಕಿಗಿಂತ ಹೆಚ್ಚು. ಗಂಡ ಬೆಳಗ್ಗೆ ಬಸ್ ಹತ್ತಿ ಹೋದ್ರೆ ಸಂಜೆವರೆಗೆ ಅವಳು, ಕೂಸು, ತಗಡಿನ ಗೋಡೆ.

ಡೇಮ್ಸ್ ಕ್ಲಬ್‌ಗಳು ಬೆಳೆದದ್ದು ಇಲ್ಲಿ.

ಏನು ಮಾಡ್ತಿದ್ರು? ತಿಂಗಳಿಗೆ ಒಂದೆರಡು ಸಭೆ. ಪ್ರೊಫೆಸರುಗಳ ಹೆಂಡತಿಯರು ಹಿರಿಯರಾಗಿ ಬಂದು ನಡೆಸಿಕೊಡ್ತಿದ್ರು. ಇಸ್ಪೀಟು, ಹೊಲಿಗೆ, ಅಡುಗೆ, ಯಾರಾದ್ರೂ ತಿಳಿದವರಿಂದ ಒಂದು ಭಾಷಣ. ಇದಿಷ್ಟೇ ಕೇಳಿದ್ರೆ ‘ಅಯ್ಯ, ಕಿಟ್ಟಿ ಪಾರ್ಟಿ’ ಅನ್ನಿಸುತ್ತೆ. ಅದರ ಕೆಳಗೆ ಇನ್ನೊಂದು ಕೆಲಸ ನಡೀತಿತ್ತು. ಇವತ್ತು ನಿನ್ನ ಕೂಸು ನಾನು ನೋಡ್ಕೊಳ್ತೀನಿ, ನಾಳೆ ನನ್ನ ಕೂಸು ನೀನು. ತೊಟ್ಟಿಲು, ಕೂಸಿನ ಬಟ್ಟೆ ಮನೆಯಿಂದ ಮನೆಗೆ. ಯಾವ ಆಫೀಸಿನಲ್ಲಿ ಟೈಪಿಸ್ಟ್ ಬೇಕಾಗಿದ್ದಾರೆ, ಯಾವ ಸ್ಕೂಲಿನಲ್ಲಿ ಟೀಚರ್ ಬೇಕಾಗಿದ್ದಾರೆ ಅನ್ನೋ ಸುದ್ದಿ. ಯಾಕಂದ್ರೆ ಸರ್ಕಾರದ ಆ 90 ಡಾಲರ್‌ನಲ್ಲಿ ಸಂಸಾರ ನಡೀತಿರಲಿಲ್ಲ. ಹೆಂಡತಿ ದುಡಿದ್ರೆ ಮಾತ್ರ ಗಂಡನ ಡಿಗ್ರಿ.

ಇನ್ನೂ ಒಂದು ಕೆಲಸ ಇತ್ತು: ಗಂಡನ ಥೀಸಿಸ್ ಟೈಪ್ ಮಾಡೋದು. ಕಂಪ್ಯೂಟರ್ ಇಲ್ಲದ ಕಾಲ. ಒಂದು ಅಕ್ಷರ ತಪ್ಪಿದ್ರೆ ಪುಟವೇ ಮತ್ತೆ. 2017ರಲ್ಲಿ ವರ್ಜೀನಿಯಾ ಯೂನಿವರ್ಸಿಟಿಯ ಪ್ರೊಫೆಸರ್ ಬ್ರೂಸ್ ಹೋಲ್ಸಿಂಗರ್ ಟ್ವಿಟರ್‌ನಲ್ಲಿ ‘ಥ್ಯಾಂಕ್ಸ್ ಫಾರ್ ಟೈಪಿಂಗ್’ ಅಂತ ಒಂದು ಹ್ಯಾಶ್‌ಟ್ಯಾಗ್ ಹಾಕಿದರು. ಹಳೆಯ ಪುಸ್ತಕಗಳ ಕೃತಜ್ಞತೆಯ ಪುಟಗಳ ಫೋಟೋ ಅವು. ‘ಟೈಪ್ ಮಾಡಿಕೊಟ್ಟ ನನ್ನ ಹೆಂಡತಿಗೆ ಧನ್ಯವಾದ’ ಅಂತ ಇರುತ್ತೆ. ಹೆಂಡತಿಯ ಹೆಸರು ಮಾತ್ರ ಇರಲ್ಲ. ಲೈಬ್ರರಿಯವರ ಹೆಸರು ಇರುತ್ತೆ, ಗೈಡ್ ಹೆಸರು ಇರುತ್ತೆ. ನೂರಾರು ಪುಟ ಕೈಯಿಂದ ಬಡಿದವಳು ‘ನನ್ನ ಹೆಂಡತಿ’ ಅಷ್ಟೇ.

ಪಿಎಚ್‌ಟಿ ಸರ್ಟಿಫಿಕೇಟು ಬಂದದ್ದು ಈ ಹಿನ್ನೆಲೆಯಲ್ಲಿ. ವರ್ಷದ ಕೊನೆಗೆ ಗಂಡಂದಿರ ಘಟಿಕೋತ್ಸವ ಇದ್ದಾಗ ಹೆಂಡತಿಯರಿಗೂ ಒಂದು ಸಣ್ಣ ಸಮಾರಂಭ. ಅದು ತಮಾಷೆಯೋ ಮರ್ಯಾದೆಯೋ? ಎರಡೂ ಅನ್ನಿಸುತ್ತೆ ನನಗೆ. ಅದನ್ನ ಪಡೆದವರು ಅನೇಕರು ಜೋಪಾನವಾಗಿ ಇಟ್ಕೊಂಡಿದ್ರು, ಅದಕ್ಕೇ ಇವತ್ತಿಗೂ ಯೂನಿವರ್ಸಿಟಿಗಳ ಹಳೆಯ ಕಡತಗಳಲ್ಲಿ ಸಿಗ್ತಾವೆ. ಆದರೆ ಆ ಕಾಗದ ಹಿಡ್ಕೊಂಡು ಹೋದ್ರೆ ಯಾರೂ ಕೆಲಸ ಕೊಡ್ತಿರಲಿಲ್ಲ. 1963ರಲ್ಲಿ ಬಂದ ‘ದಿ ಫೆಮಿನಿನ್ ಮಿಸ್ಟಿಕ್’ ಪುಸ್ತಕದಲ್ಲಿ ಬೆಟ್ಟಿ ಫ್ರೀಡನ್ ಈ ಪಿಎಚ್‌ಟಿಯನ್ನೇ ಎತ್ತಿ ತೋರಿಸಿದರು. ಹಿಂದಿನ ತಲೆಮಾರಿನ ಹೆಣ್ಣುಮಕ್ಕಳು ಕಾಲೇಜಿಗಾಗಿ ಹೋರಾಡಿದರು, ಈಗಿನವರಿಗೆ ಈ ಡಿಗ್ರಿಯೇ ಸಾಕು ಅನ್ನೋ ಹಾಗಾಯ್ತಲ್ಲ ಅನ್ನೋದು ಅವರ ಸಿಟ್ಟು.

ಇನ್ನೊಂದು ಮಾತು ಬಿಡಬಾರದು. ಜಿಐ ಬಿಲ್ಲಿನ ಲಾಭ ಎಲ್ಲ ಸೈನಿಕರಿಗೂ ಒಂದೇ ಥರ ಸಿಗಲಿಲ್ಲ. ಕಪ್ಪು ಜನರಿಗೆ ಎಷ್ಟೋ ಯೂನಿವರ್ಸಿಟಿಗಳ ಬಾಗಿಲೇ ಮುಚ್ಚಿತ್ತು. ಅಂದ್ಮೇಲೆ ಅವರ ಹೆಂಡತಿಯರಿಗೆ ಆ ಕ್ಯಾಂಪಸ್ಸಿನ ಕ್ಲಬ್ ಎಲ್ಲಿಂದ ಬರಬೇಕು? ನಮ್ಮಲ್ಲಿ ‘ಎಲ್ಲರಿಗೂ ಸ್ವಾಗತ’ ಅಂತ ಬೋರ್ಡ್ ಹಾಕೋ ಸಂಘಗಳ ಒಳಗೂ ಯಾರು ಕೂತಿದ್ದಾರೆ, ಯಾರು ಬಾಗಿಲ ಹೊರಗಿದ್ದಾರೆ ಅಂತ ನೋಡೋದು ನಮಗೆ ಹೊಸದೇನಲ್ಲ.

ಆಮೇಲೆ ಕ್ಲಬ್‌ಗಳು ಯಾಕೆ ಕಡಿಮೆಯಾದವು? ಹೆಂಡತಿಯರು ತಾವೇ ಕ್ಲಾಸಿಗೆ ಹೋದರು ಅನ್ನೋದು ದೊಡ್ಡ ಕಾರಣ. 1972ರಲ್ಲಿ ‘ಟೈಟಲ್ ನೈನ್’ ಅನ್ನೋ ಕಾನೂನು ಬಂತು. ಸರ್ಕಾರದ ದುಡ್ಡು ತಗೊಳ್ಳೋ ಶಿಕ್ಷಣ ಸಂಸ್ಥೆ ಹೆಣ್ಣು, ಗಂಡು ಅಂತ ಭೇದ ಮಾಡೋ ಹಾಗಿಲ್ಲ ಅಂತಾಯ್ತು. 1979ರ ಹೊತ್ತಿಗೆ ಅಮೆರಿಕದ ಕಾಲೇಜುಗಳಲ್ಲಿ ಹುಡುಗರಿಗಿಂತ ಹುಡುಗಿಯರೇ ಜಾಸ್ತಿ. ಬುಧವಾರ ಬೆಳಗ್ಗೆ ಇಸ್ಪೀಟು ಆಡಲಿಕ್ಕೆ ಯಾರಿಗೆ ಪುರುಸೊತ್ತು? ಕೆಲವು ಕ್ಲಬ್‌ಗಳು ಮುಚ್ಚಿದವು. ಕೆಲವು ‘ಹೆಂಡತಿಯರು’ ಅನ್ನೋದನ್ನ ತೆಗೆದು ‘ಸಂಗಾತಿಗಳು’ ಅಂತ ಹೆಸರು ಬದಲಾಯಿಸಿದವು. ಹಾರ್ವರ್ಡ್‌ನಲ್ಲಿ ಇವತ್ತು ವಿದ್ಯಾರ್ಥಿಗಳ ಸಂಗಾತಿಗಳ ಸಂಘ ಇದೆ, ಎಂಐಟಿಯಲ್ಲೂ ಇದೆ. ಈಗ ಅಲ್ಲಿಗೆ ಬರೋರು ಹೆಚ್ಚಾಗಿ ಹೊರದೇಶದವರು. ಚೀನಾ, ಕೊರಿಯಾ, ಬ್ರೆಜಿಲ್, ಮತ್ತೆ ನಮ್ಮ ಔರಾದಿನ ಅಕ್ಕನಂಥವರು. 1946ರ ಅಮೆರಿಕದ ಹೆಂಡತಿ ಕಡೇಪಕ್ಷ ಕೆಲಸಕ್ಕೆ ಹೋಗಬಹುದಿತ್ತು. ಎಫ್-2 ವೀಸಾದವಳಿಗೆ ಅದೂ ಇಲ್ಲ.

“ಕನ್ನಡ ಕೂಟ ಇಲ್ಲೇನು ಅಕ್ಕಾ?” ಅಂತ ನಾನು ಕೇಳಿದ್ದೆ. “ಅದ. ಯುಗಾದಿಗಿ, ರಾಜ್ಯೋತ್ಸವಕ್ಕ, ದೀಪಾವಳಿಗಿ ಕರೀತಾರ. ಛಲೋ ಮಂದಿ. ಆದ್ರ ತಂಗಿ, ಹಬ್ಬದ ದಿನ ಹ್ಯಾಂಗರ ಹೋಗ್ತದ. ಬ್ಯಾಸರ ಆಗೋದು ಮಂಗಳವಾರ ಮಧ್ಯಾಹ್ನ,” ಅಂದಳು. ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಡೇಮ್ಸ್ ಕ್ಲಬ್ ನಿಂತದ್ದೇ ಮಂಗಳವಾರದ ಮಧ್ಯಾಹ್ನಕ್ಕಾಗಿ.

ಈಗ ಕಥೆಯನ್ನ ಸ್ವಲ್ಪ ತಿರುಗಿಸೋಣ. ಹೆಂಡತಿ ಓದಿ, ಗಂಡ ಹಿಂದೆ ನಿಂತ ಕಥೆ ಇಲ್ವಾ? ಇದೆ, ನಮ್ಮ ಪಕ್ಕದ್ದೇ. ಔರಾದ್, ಕಮಲನಗರ, ಭಾಲ್ಕಿ ಕಡೆ ಮರಾಠಿ ಬಲ್ಲವರು 2019ರ ‘ಆನಂದಿ ಗೋಪಾಳ್’ ಸಿನಿಮಾ ನೋಡಿರ್ತೀರಿ. ಆನಂದಿಬಾಯಿ ಜೋಶಿ. ಒಂಬತ್ತು ವರ್ಷಕ್ಕೆ ಮದುವೆ. ಹದಿನಾಲ್ಕಕ್ಕೆ ಹೆರಿಗೆ, ಕೂಸು ಹತ್ತು ದಿನ ಉಳಿಯಿತು. ತಾನು ಡಾಕ್ಟರ್ ಆಗಬೇಕು ಅಂತ ಹಟ ತೊಟ್ಟಳು. ಗಂಡ ಗೋಪಾಳರಾವ್ ಅಂಚೆ ಇಲಾಖೆಯ ನೌಕರ. 1883ರಲ್ಲಿ ಅವಳು ಗಂಡನನ್ನ ಬಿಟ್ಟು ಕಲ್ಕತ್ತಾದಿಂದ ಹಡಗು ಹತ್ತಿದಳು. 1886ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಎಂಡಿ. ಮುಂದಿನ ವರ್ಷ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಳು, ಇಪ್ಪತ್ತೆರಡೂ ತುಂಬಿರಲಿಲ್ಲ. ಗೋಪಾಳರಾವ್ ಸಿಡುಕು ಸ್ವಭಾವದವರು, ಹೆಂಡತಿಯನ್ನ ಓದಿಸಲಿಕ್ಕೆ ಹೊಡೆದದ್ದೂ ಉಂಟು ಅಂತ ಅವರ ಚರಿತ್ರೆ ಬರೆದವರು ಹೇಳ್ತಾರೆ. ಅವರನ್ನ ದೇವರು ಮಾಡೋದು ಬೇಡ. ಆದರೆ ಹಾರ್ವರ್ಡ್‌ನಲ್ಲಿ ಡೇಮ್ಸ್ ಸಂಘ ಹುಟ್ಟೋದಕ್ಕೂ ಮೊದಲೇ, ಮರಾಠಿ ಮನೆಯ ಒಬ್ಬ ಗಂಡಸು ‘ಓದುವವಳ ಗಂಡ’ ಆಗಿದ್ದ. ಆಗಬಹುದು ಅನ್ನೋದಕ್ಕೆ ಇದೊಂದೇ ಸಾಕ್ಷಿ ಸಾಕಲ್ಲ?

ಇನ್ನು ದುಡ್ಡಿನ ಮಾತು. ಒಬ್ಬರು ದುಡಿದು ಇನ್ನೊಬ್ಬರನ್ನ ಓದಿಸಿದ ಮೇಲೆ ಆ ಡಿಗ್ರಿ ಯಾರದು?

ನ್ಯೂಯಾರ್ಕಿನಲ್ಲಿ ಒಂದು ಕೇಸು ನಡೀತು. ಗಂಡ, ಹೆಂಡತಿ ಇಬ್ಬರೂ ಟೀಚರ್. ಅವಳಿಗೆ ಪರ್ಮನೆಂಟ್ ಟೀಚರ್ ಸರ್ಟಿಫಿಕೇಟಿಗೆ ಇನ್ನು ಒಂದೂವರೆ ವರ್ಷದ ಓದು ಬಾಕಿ. ಅವನಿಗೆ ಡಾಕ್ಟರ್ ಆಗೋ ಆಸೆ. ಅವಳು ತನ್ನ ಓದು ಬಿಟ್ಟು, ಅವನ ಜೊತೆ ಮೆಕ್ಸಿಕೋಗೆ ಹೋದಳು, ಅಲ್ಲಿ ದುಡಿದಳು. ಮನೆಯ ಆದಾಯದಲ್ಲಿ ಮುಕ್ಕಾಲು ಪಾಲು ಅವಳದೇ. 1980ರ ಅಕ್ಟೋಬರ್‌ನಲ್ಲಿ ಅವನಿಗೆ ಡಾಕ್ಟರ್ ಲೈಸೆನ್ಸ್ ಬಂತು. ಎರಡೇ ತಿಂಗಳಿಗೆ ಡೈವೋರ್ಸ್ ಅರ್ಜಿ ಹಾಕಿದ. ಮನೆಯಲ್ಲಿ ಹಂಚಿಕೊಳ್ಳಲಿಕ್ಕೆ ಆ ಲೈಸೆನ್ಸ್ ಬಿಟ್ರೆ ಹೇಳಿಕೊಳ್ಳೋ ಆಸ್ತಿಯೇ ಇಲ್ಲ. ವಿಚಾರಣೆ ಮಾಡಿದ ಕೋರ್ಟು ಆ ಲೈಸೆನ್ಸಿನ ಬೆಲೆ 4,72,000 ಡಾಲರ್ ಅಂತ ಹಿಡಿದು, ಅವಳಿಗೆ ಶೇ 40ರಷ್ಟು ಕೊಡಬೇಕು ಅಂತು. 1985ರಲ್ಲಿ ಆ ರಾಜ್ಯದ ಅತ್ಯುನ್ನತ ಕೋರ್ಟು, ಮದುವೆಯ ಕಾಲದಲ್ಲಿ ಗಳಿಸಿದ ಲೈಸೆನ್ಸು ಇಬ್ಬರಿಗೂ ಸೇರಿದ ಆಸ್ತಿ ಅನ್ನೋದನ್ನ ಒಪ್ಪಿತು. ಆಮೇಲೆ ಬೆಲೆ ಕಟ್ಟೋದು ಹೇಗೆ ಅನ್ನೋ ಜಗಳ ಬಹಳ ವರ್ಷ ನಡೆದು, 2016ರಿಂದ ನ್ಯೂಯಾರ್ಕ್ ಆ ನಿಯಮ ಕೈಬಿಟ್ಟಿತು. ಈಗ ಡಿಗ್ರಿಯನ್ನ ಆಸ್ತಿ ಅಂತ ಲೆಕ್ಕ ಹಾಕಲ್ಲ. ಆದರೆ ಓದಿಸಿದವಳ ದುಡಿಮೆಯನ್ನ ಉಳಿದ ಪಾಲು ಹಂಚೋವಾಗ ನೋಡಲೇಬೇಕು.

ನಮ್ಮ ದೇಶದಲ್ಲಿ? 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟ್ ಒಂದು ತೀರ್ಪು ಕೊಟ್ಟಿತು. ಗಂಡ ಸೌದಿಯಲ್ಲಿ ದುಡಿದ, ಹೆಂಡತಿ ಊರಲ್ಲಿ ಮನೆ, ಮಕ್ಕಳನ್ನ ನೋಡಿಕೊಂಡಳು. ಅವನ ಗಳಿಕೆಯಿಂದ ಕೊಂಡ ಆಸ್ತಿಯಲ್ಲಿ ಅವಳಿಗೂ ಸಮಪಾಲು ಅಂತು ಕೋರ್ಟು. ಬೀದರಿನಲ್ಲಿ ಗಲ್ಫಿಗೆ ಹೋದವರ ಮನೆಗಳು ಎಷ್ಟಿಲ್ಲ? ಈ ಮಾತು ನಮಗೆ ಹತ್ತಿರದ್ದು.

ಸರಿ, ಊರಿಗೆ ಬರೋಣ.

ಬೀದರ್ ಓದುವವರ ಊರು ಆಗಿ ಐದು ನೂರು ವರ್ಷಕ್ಕಿಂತ ಹೆಚ್ಚಾಯ್ತು. ಬಹಮನಿ ವಜೀರ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ 1472ರದ್ದು. ಅಲ್ಲಿ ವಿದ್ಯಾರ್ಥಿಗಳಿಗೆ 36 ಕೋಣೆ, ಕಲಿಸುವವರಿಗೆ ಆರು ಮನೆ, ಗ್ರಂಥಾಲಯದಲ್ಲಿ 3,000 ಪುಸ್ತಕ ಅಂತ ಗೈಡುಗಳು ಹೇಳ್ತಾರೆ. ಮುಂದಿನ ಸಲ ಹೋದಾಗ ಸೆಲ್ಫಿ ತೆಗೆದು ಮುಗಿದ ಮೇಲೆ ಒಂದು ನಿಮಿಷ ಆ ಕೋಣೆಗಳ ಮುಂದೆ ನಿಂತು ಯೋಚನೆ ಮಾಡಿ. ಇಲ್ಲಿ ಓದಿದವರ ಮನೆಯವರು ಎಲ್ಲಿದ್ರು?

ನಿಜಾಮರ ಕಾಲಕ್ಕೆ ಕಾಲೇಜು ಅಂದ್ರೆ ಹೈದರಾಬಾದು. 1918ರಲ್ಲಿ ಶುರುವಾದ ಉಸ್ಮಾನಿಯಾ ಯೂನಿವರ್ಸಿಟಿ. ಗಂಡ ಅಲ್ಲಿ, ಹೆಂಡತಿ ಇಲ್ಲಿ ಅತ್ತೆ, ಮಾವ, ಹೊಲ, ಎಮ್ಮೆ ಜೊತೆ. ಆಮೇಲೆ ನಮ್ಮವರು ಧಾರವಾಡಕ್ಕೆ, ಕಲಬುರಗಿಗೆ ಹೋದರು. ಈಗ ಬೀದರಿನ ನಂದಿನಗರದಲ್ಲೇ ಪಶುವೈದ್ಯಕೀಯ ಯೂನಿವರ್ಸಿಟಿ ಇದೆ, ಮೆಡಿಕಲ್ ಕಾಲೇಜ್ ಇದೆ. 2023ರಲ್ಲಿ ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ ಬೀದರ್ ವಿಶ್ವವಿದ್ಯಾಲಯವೇ ಆಯ್ತು. ಓದು ಮನೆ ಬಾಗಿಲಿಗೆ ಬಂದಿದೆ. ಆದರೂ ಎಷ್ಟು ಮನೆಗಳಲ್ಲಿ ಇದೇ ಮಾತು: “ಮೊದಲ ಅವನದು ಮುಗೀಲಿ.” ಕೆಎಎಸ್ ಮುಗೀಲಿ, ನೆಟ್ ಮುಗೀಲಿ, ಪಿಎಚ್‌ಡಿ ಮುಗೀಲಿ. ಅವನ ಕೋಚಿಂಗ್ ಫೀಸಿಗೆ ಅವಳ ಹೊಲಿಗೆ ಮಷಿನ್, ಅವಳ ಗೆಸ್ಟ್ ಟೀಚರ್ ಸಂಬಳ, ಕೆಲವೊಮ್ಮೆ ಅವಳ ಕೊರಳಿನ ಬೋರಮಾಳ. ನಮ್ಮಲ್ಲಿ ಪಿಎಚ್‌ಟಿ ಪಡೆದವರು ಲೆಕ್ಕ ಇಲ್ಲದಷ್ಟು ಮಂದಿ. ಸರ್ಟಿಫಿಕೇಟ್ ಯಾರೂ ಕೊಟ್ಟಿಲ್ಲ.

ನಮ್ಮ ಅಕ್ಕನ ಕಥೆ ಏನಾಯ್ತು ಅಂತ ಕೇಳ್ತೀರಿ.

ಎರಡು ವರ್ಷ ಅಂದದ್ದು ಎರಡೇ ಆಗಲಿಲ್ಲ. ಎಂಎಸ್ ಮುಗಿದ ಮೇಲೆ ಭಾವನಿಗೆ ಅದೇ ವಿದ್ಯಾರ್ಥಿ ವೀಸಾ ಮೇಲೆ ಮೂರು ವರ್ಷ ಕೆಲಸ ಮಾಡಲಿಕ್ಕೆ ಅವಕಾಶ ಸಿಕ್ಕಿತು. ಇಂಜಿನಿಯರಿಂಗ್ ಥರದ ವಿಷಯ ಓದಿದವರಿಗೆ ಆ ಸೌಲಭ್ಯ ಇದೆ. ಅವನು ಸಂಬಳ ತರ್ತಿದ್ದ, ಅವಳು ಇನ್ನೂ ಎಫ್-2. ಒಟ್ಟು ಐದು ವರ್ಷ. ಒಂದು ಮಗು. ಊರಿನ ಸಾಲ ತೀರಿತು. ಅವತ್ತು ರಾತ್ರಿ ಅವಳು ಭಾವನಿಗೆ ಕೇಳಿದಳಂತೆ: “ಈಗ ನನ್ನ ಪಾಳಿ ಯಾವಾಗ?”

ಭಾವ ಕೆಟ್ಟವನಲ್ಲ. ಆದರೆ ಅವನಿಗೆ ಉತ್ತರ ಗೊತ್ತಿರಲಿಲ್ಲ. ಮೂರು ದಿನ ಮನೆಯಲ್ಲಿ ಮಾತಿಲ್ಲ. ಆ ಬುಧವಾರದ ಗುಂಪಿನಲ್ಲಿ ಒಬ್ಬಳು ಅಕ್ಕನಿಗೆ ಒಂದು ಕಾಗದ ಕೊಟ್ಟು ಹೇಳಿದಳಂತೆ, ‘ಜಗಳ ಮಾಡಬೇಡಿ, ಲೆಕ್ಕ ಬರೀರಿ’ ಅಂತ. ಇಬ್ಬರೂ ಕೂತು ಬರೆದರು. ಯಾರ ಓದಿಗೆ ಎಷ್ಟು ವರ್ಷ, ಎಷ್ಟು ದುಡ್ಡು, ಕೂಸನ್ನ ಯಾರು ನೋಡೋದು. ಕಾಗದದ ಒಂದು ಕಡೆ ತುಂಬಿತ್ತು. ಅವಳ ಕಡೆ ಖಾಲಿ.

ಅಕ್ಕ ಈಗ ಮಗುವಿನ ಜೊತೆ ಊರಿಗೆ ಬಂದಿದ್ದಾಳೆ. ಬಿಎಡ್ ಮತ್ತೆ ಮೊದಲಿಂದ ಸೇರಿದಳು. ಬೆಳಗ್ಗೆ ಏಳಕ್ಕೆ ಔರಾದಿನ ಬಸ್. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಅದೊಂದು ಆಸರೆ. ಮಗುವನ್ನ ಮೌಶಿ ನೋಡ್ತಾಳೆ. ಊರಲ್ಲಿ ಮಂದಿ ಬಾಯಿ ಸುಮ್ಮನಿರುತ್ತಾ? “ಗಂಡನ್ನ ಬಿಟ್ಟು ಬಂದಾಳಂತ” ಅಂತ ಆಡಿಕೊಳ್ತಾರೆ. ಮೌಶಿ ಮೊದಮೊದಲು ಅಳ್ತಿದ್ದಳು. ಈಗ ಯಾರಾದ್ರೂ ಕೇಳಿದ್ರೆ, “ಗಂಡನ್ನ ಬಿಟ್ಟಿಲ್ರಿ, ಬಿಟ್ಟ ಬಿಎಡ್ ಹಿಡದಾಳ” ಅಂತಾಳೆ. ಭಾವ ಅಲ್ಲಿ ಒಬ್ಬನೇ ಅಡುಗೆ ಮಾಡ್ಕೊಂಡು ಅಕ್ಕನ ಫೀಸ್ ಕಳಿಸ್ತಾನೆ. ದೂರ ಇರೋದು ಇಬ್ಬರಿಗೂ ಸುಲಭ ಇಲ್ಲ. ಮುಂದೆ ಏನು, ಅಲ್ಲಿಯೋ ಇಲ್ಲಿಯೋ, ಅವರಿಗೂ ಇನ್ನೂ ಗೊತ್ತಿಲ್ಲ. ಮುಂದಿನ ತಿಂಗಳು ಪರೀಕ್ಷೆ ಇದೆ, ಅದಷ್ಟೇ ಗೊತ್ತು.

ಕೊನೆಗೆ ಮೂರು ಮಾತು.

ಒಂದು. ಮದುವೆಯಾಗಿ ಓದ್ತಿರೋ, ಇಲ್ಲ ಓದ್ತಾ ಮದುವೆ ಆಗ್ತಿರೋ ನೀವು, ಆ ಕಾಗದ ಇವತ್ತೇ ಬರೀರಿ. ಯಾರ ಪಾಳಿ ಮೊದಲು, ಯಾರ ಪಾಳಿ ಆಮೇಲೆ, ಯಾವ ವರ್ಷ. ‘ಆಮ್ಯಾಲ ನೋಡೋಣ’ ಅನ್ನೋದು ತಾರೀಖು ಅಲ್ಲ. ವೀಸಾ ಮೇಲೆ ಹೋಗೋರು ಟಿಕೆಟ್ ಮಾಡೋ ಮೊದಲು ನಿಮ್ಮ ವೀಸಾದಲ್ಲಿ ಏನು ಮಾಡಬಹುದು, ಏನು ಮಾಡೋ ಹಾಗಿಲ್ಲ ಅಂತ ನೀವೇ ಓದಿ, ಬೇರೆಯವರು ಹೇಳಿದ್ದನ್ನ ನಂಬಬೇಡಿ.

ಎರಡು. ಪಿಎಚ್‌ಡಿ ಮಾಡ್ತಿರೋ ಹೆಣ್ಣುಮಕ್ಕಳೇ, ಯುಜಿಸಿ ನಿಯಮದ ಪ್ರಕಾರ ಹೆರಿಗೆ ಇಲ್ಲ ಮಗುವಿನ ಪಾಲನೆಗೆ 240 ದಿನದವರೆಗೆ ರಜೆ ಪಡೆಯಬಹುದು, ಥೀಸಿಸ್ ಮುಗಿಸಲಿಕ್ಕೆ ಎರಡು ವರ್ಷ ಹೆಚ್ಚಿಗೆ ಸಮಯವೂ ಇದೆ. ಮಗು ಆಯ್ತು ಅಂತ ಸೀಟು ಬಿಡಬೇಡಿ. ಮತ್ತೆ ಪಿಎಚ್‌ಡಿ ಮಾಡ್ತಿರೋ ಗಂಡಸರೇ, ಕೃತಜ್ಞತೆಯ ಪುಟದಲ್ಲಿ ಅವಳ ಹೆಸರು ಬರೀರಿ. ‘ನನ್ನ ಧರ್ಮಪತ್ನಿ’ ಅಂತ ಬಿಟ್ಟುಬಿಡಬೇಡಿ. ಹೆಸರು.

ಮೂರು. ಹಾಲಹಳ್ಳಿಯಲ್ಲೋ ನಂದಿನಗರದಲ್ಲೋ ಒಂದು ರೂಮು, ವಾರಕ್ಕೆ ಎರಡು ತಾಸು, ಒಂದು ಕೇಟ್ಲಿ ಚಹಾ. ಓದುವವರ ಮನೆಯವರು ಬಂದು ಕೂಡಲಿ. ಹೆಂಡತಿ ಇರಲಿ, ಗಂಡ ಇರಲಿ. ಕೂಸಿನ ಜೊತೆ ಬರಲಿ. ಯಾವ ಕೋರ್ಸಿಗೆ ಅರ್ಜಿ ಕರೆದಿದ್ದಾರೆ, ಯಾವ ಸ್ಕಾಲರ್‌ಶಿಪ್ ಇದೆ, ಯಾರ ಕೂಸನ್ನ ಯಾರು ನೋಡೋದು, ಇಷ್ಟು ಮಾತಾಡಿದ್ರೂ ಸಾಕು. ಅದಕ್ಕೆ ಇಂಗ್ಲಿಷ್ ಹೆಸರು ಬೇಡ. ನಮ್ಮಲ್ಲಿ ಬಳಗ ಅನ್ನೋ ಶಬ್ದ ಇದೆಯಲ್ಲ.

ಅಕ್ಕನಿಗೆ ಈ ಎಪಿಸೋಡ್ ಮೊದಲೇ ಓದಿ ಕೇಳಿಸಿದೆ. “ನನ್ನ ಹೆಸರು ಹಾಕಬ್ಯಾಡ ತಂಗಿ,” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಮಾರ್ಕ್ಸ್ ಕಾರ್ಡ್ ಬಂದ ಮ್ಯಾಲ ಹಾಕು,” ಅಂದಳು.

ನಿಮ್ಮ ಮನೆಯಲ್ಲಿ ಯಾರ ಓದು ಯಾರ ದುಡಿಮೆಯ ಮೇಲೆ ನಿಂತಿದೆ? ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಮ್ಮೆ ಕೇಳಿ ನೋಡ್ರಿ. ಉತ್ತರ ನಮಗೂ ವಾಯ್ಸ್ ಮೆಸೇಜ್ ಮಾಡಿ ಕಳಿಸಿ.